ಅಕ್ಕನ ಡಿಸೆಂಬರ್

ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಾನು ಅಟ್ಟದ ಮೇಲಿಂದ ಹೋಲ್ಡಾಲ್ ಇಳಿಸಿ, ಬಿಚ್ಚಿ, ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಹರವುತ್ತೇನೆ. ಹೋಲ್ಡಾಲ್ ಎಂದರೇನು ಎಂದು ಈಗಿನವರಿಗೆ ವಿವರಿಸಿ ಹೇಳಬೇಕಾದ ಕಾಲ ಬಂದಿದೆ. ಖಾಕಿ ಬಣ್ಣದ ದಪ್ಪ ಕ್ಯಾನ್ವಾಸು, ಎರಡು ಚರ್ಮದ ಪಟ್ಟಿ, ಎರಡು ತುದಿಗೂ ಒಂದೊಂದು ಜೇಬು. ಹಾಸಿಗೆ, ದಿಂಬು, ಕಂಬಳಿ ಎಲ್ಲವನ್ನೂ ಒಳಗೆ ಹಾಕಿ ಸುತ್ತಿ, ಒಬ್ಬರು ಮೇಲೆ ಮೊಣಕಾಲೂರಿ ಕೂತು, ಇನ್ನೊಬ್ಬರು ಪಟ್ಟಿ ಎಳೆದು ಬಿಗಿದರೆ ಪ್ರಯಾಣಕ್ಕೆ ಸಿದ್ಧ. ನಮ್ಮ ಮನೆಯಲ್ಲಿ ಕೂರುವವನು ನಾನು, ಎಳೆಯುವವಳು ನನ್ನ ಹೆಂಡತಿ ವನಜ. ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದು ಹುರಿದುಂಬಿಸುವವಳು ನನ್ನ ಅಕ್ಕ.

ಹೋದ ವರ್ಷ ಹೀಗೇ ಹರವಿದ್ದಾಗ, ಎದುರು ಮನೆಯ ಮಹಡಿ ಮೇಲಿನ ಬಾಡಿಗೆ ಕೋಣೆಗೆ ಹೊಸದಾಗಿ ಬಂದಿದ್ದ ರಾಯಚೂರು ಕಡೆಯವನೊಬ್ಬ ರಸ್ತೆಯಲ್ಲೇ ನಿಂತ. ಗಾರೆ ಕೆಲಸಕ್ಕೆ ಹೊರಟವನು. ಹಾಸಿಗೆ, ಕಂಬಳಿ, ದಿಂಬು ಎಲ್ಲ ಸಾಲಾಗಿ ಬಿಸಿಲಿಗೆ ಬಿದ್ದಿರುವುದನ್ನು ನೋಡಿ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಯಾರ್ ತೀರಿಕೊಂಡಾರ್ರೀ ಯಜಮಾನ್ರ?" ಎಂದ.

"ಯಾರೂ ತೀರ್ಕೊಂಡಿಲ್ಲಪ್ಪ. ಪ್ರವಾಸಕ್ಕೆ ಹೋಗ್ತಿದ್ದೀವಿ."

"ಹೌದೇನ್ರೀ!" ಎಂದ. ಅವನಿಗೆ ಸಮಾಧಾನವಾಯಿತು, ಸ್ವಲ್ಪ ನಿರಾಸೆಯೂ ಆದಂತೆ ಕಂಡಿತು. ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಂಡು ಹೋದ.

ತಪ್ಪು ಅವನದಲ್ಲ. ಡಿಸೆಂಬರಿನ ಚಳಿಯಲ್ಲಿ, ಈ ವಯಸ್ಸಿನಲ್ಲಿ, ಬುದ್ಧಿ ನೆಟ್ಟಗಿರುವ ಯಾರೂ ಪ್ರವಾಸ ಹೋಗುವುದಿಲ್ಲ. ಆದರೆ ನಾನು ಕಾರ್ಖಾನೆಯವನು. ಕೃಷ್ಣರಾಜಪುರದ ಕಡೆಯ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಫೋರ್‌ಮನ್ ಆಗಿ ರಿಟೈರಾದವನು. ಎರಡು ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ದೇಶ ಸುತ್ತಿ ಬರಲು ಕಾರ್ಖಾನೆಯವರು ರೈಲಿನ ಖರ್ಚು ಕೊಡುತ್ತಿದ್ದರು. ಅದಕ್ಕೆ ಎಲ್.ಟಿ.ಸಿ. ಎಂದು ಹೆಸರು. ಡಿಸೆಂಬರ್ ಮುಗಿಯುವುದರೊಳಗೆ ಹೋಗಿ ಬರದಿದ್ದರೆ ಅದು ಲ್ಯಾಪ್ಸ್, ಕೈತಪ್ಪಿ ಹೋದಂತೆಯೇ. ಈ 'ಲ್ಯಾಪ್ಸ್' ಎಂಬ ಮಾತಿಗೆ ನಾವು ಹೆದರುತ್ತಿದ್ದಷ್ಟು ಮೇಲಧಿಕಾರಿಗಳಿಗೂ ಹೆದರುತ್ತಿರಲಿಲ್ಲ. ಜನವರಿಯಿಂದ ಅಕ್ಟೋಬರ್‌ವರೆಗೆ ಒಬ್ಬನಿಗೂ ಪ್ರವಾಸದ ನೆನಪಾಗುತ್ತಿರಲಿಲ್ಲ. ನವೆಂಬರಿನಲ್ಲಿ ನೋಟಿಸ್ ಬೋರ್ಡಿನ ಮೇಲೆ ಒಂದು ಎಚ್ಚರಿಕೆಯ ಕಾಗದ ಬಿದ್ದದ್ದೇ ತಡ, ಇಡೀ ಪ್ರೆಸ್ ಶಾಪಿಗೆ ಏಕಕಾಲದಲ್ಲಿ ಹಿಮಾಲಯ ನೋಡುವ ಆಸೆ ಹುಟ್ಟುತ್ತಿತ್ತು.

ಹೀಗಾಗಿ ನಾವು ಕಂಡ ಭಾರತವೆಲ್ಲ ಡಿಸೆಂಬರಿನ ಭಾರತ. ನಮಗೆ ಗೊತ್ತಿರುವ ದೆಹಲಿಯಲ್ಲಿ ಸೂರ್ಯನಿಲ್ಲ. ಹರಿದ್ವಾರದಲ್ಲಿ ನಾನು ಗಂಗೆಗೆ ಒಂದು ಕಾಲು ಇಳಿಸಿ, ಇನ್ನೊಂದು ಕಾಲಿನ ಪುಣ್ಯ ಬೇಡವೆಂದು ಹಿಂದಕ್ಕೆ ಬಂದವನು. ನನ್ನ ಮಗಳು ಶೈಲ ಚಿಕ್ಕವಳಿದ್ದಾಗ ಶಾಲೆಯ ಪರೀಕ್ಷೆಯಲ್ಲಿ ದೇಶದ ಹವಾಮಾನದ ಬಗ್ಗೆ ಕೇಳಿದ್ದಕ್ಕೆ "ಉತ್ತರ ಭಾರತ ಕಾಣಿಸುವುದಿಲ್ಲ" ಎಂದು ಬರೆದು ಬಂದಿದ್ದಳು. ಟೀಚರ್ ನನ್ನನ್ನು ಕರೆಸಿದಾಗ ನಾನು ಮಗಳ ಪರವಾಗಿಯೇ ಮಾತಾಡಿದೆ. ಕಣ್ಣಾರೆ ನೋಡಿದ್ದಲ್ಲವೇ?

ಆಗ್ರಾದ ಕಥೆಯನ್ನಂತೂ ಹೇಳಲೇಬೇಕು. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ ಎಂದು ಯಾರೋ ಹೇಳಿದ್ದನ್ನು ನಂಬಿ, ಮಂಕಿ ಕ್ಯಾಪು, ಮಫ್ಲರು ಎಲ್ಲ ಬಿಗಿದುಕೊಂಡು ಹೋಗಿ ನಿಂತೆವು. ಎದುರಿಗೆ ಮಂಜು. ಗೈಡು ಮಂಜಿನ ಕಡೆ ಕೈ ತೋರಿಸಿ "ಇಲ್ಲೇ ಇದೆ ಸಾಬ್" ಎಂದ. ನಾವು ನಂಬಿದೆವು. ಸರ್ಕಾರ ಅಷ್ಟು ದೊಡ್ಡ ಕಟ್ಟಡವನ್ನು ಬೇರೆ ಕಡೆ ಸಾಗಿಸಿರಲಾರದು. ಸ್ವಲ್ಪ ಹೊತ್ತಿಗೆ ಆ ಮಂಜಿನೊಳಗಿಂದ ಒಬ್ಬ ಮನುಷ್ಯ ನಡೆದು ಬಂದ. ಮೈಮೇಲೆ ನಮ್ಮ ಕಾರ್ಖಾನೆಯವರೇ ಕೊಡುವ ನೀಲಿ ಸ್ವೆಟರ್.

"ಏನ್ ಗುರು, ನೀನೂ ಬಂದ್ಬಿಟ್ಟಾ?" ಎಂದ. ನೋಡಿದರೆ ನಮ್ಮ ಟೂಲ್ ರೂಮಿನವನು!

ಅವನ ಹಿಂದೆ ಅವನ ಸಂಸಾರ, ಅದರ ಹಿಂದೆ ಪೇಂಟ್ ಶಾಪಿನ ಇನ್ನೊಂದು ಸಂಸಾರ. ಎಲ್ಲರೂ ಸೇರಿ ಚಹಾ ಕುಡಿದು, ಬೋನಸ್ಸಿನ ವಿಷಯ ಮಾತಾಡಿ ಬಂದೆವು. ಅಲ್ಲಿ ತೆಗೆಸಿದ ಫೋಟೋ ಈಗಲೂ ಇದೆ. ನಾನು, ವನಜ, ಶೈಲ, ಹಿಂದೆ ಒಂದು ಬಿಳಿ ಪರದೆ. ನಮ್ಮ ಬಡಾವಣೆ ಮರ್ಫಿ ಟೌನಿನ ಯಾವ ಸ್ಟುಡಿಯೋದಲ್ಲಿ ಬೇಕಾದರೂ ತೆಗೆಸಬಹುದಿತ್ತು.

ಎಲ್.ಟಿ.ಸಿ. ಇಲ್ಲದ ವರ್ಷಗಳಲ್ಲಿ ವನಜಳ ತವರಾದ ಚಿಂತಾಮಣಿಗೆ ಹೋಗುತ್ತಿದ್ದೆವು. ಅದೂ ಡಿಸೆಂಬರಿನಲ್ಲೇ, ಏಕೆಂದರೆ ಅವರೇಕಾಯಿ ಬರುವುದು ಆಗಲೇ. ನನ್ನ ಅತ್ತೆ ಬೆಳಿಗ್ಗೆ ಅವರೇಕಾಳು ಉಪ್ಪಿಟ್ಟು, ಮಧ್ಯಾಹ್ನ ಅವರೇಕಾಳು ಸಾರು, ರಾತ್ರಿ ಹಿತಕಿದ ಬೇಳೆ ಹಾಕಿ ಅಳಿಯನನ್ನು ಸತ್ಕರಿಸುತ್ತಿದ್ದರು. ಅದರ ಪರಿಣಾಮಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಒಟ್ಟಿನಲ್ಲಿ, ವರ್ಷ ಯಾವುದೇ ಇರಲಿ, ಡಿಸೆಂಬರಿನಲ್ಲಿ ಎರಡು ವಾರ ಮರ್ಫಿ ಟೌನಿನ ನಮ್ಮ ಮನೆಯಲ್ಲಿ ನಾವು ಇರುತ್ತಿರಲಿಲ್ಲ. ಇರುತ್ತಿದ್ದವಳು ಅಕ್ಕ.

ಅಕ್ಕನ ಹೆಸರು ಜಯಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಶೈಲ ತೊಟ್ಟಿಲಲ್ಲಿದ್ದಾಗ ನಮ್ಮ ಮನೆಗೆ ಬಂದವಳು. ಬಂದ ದಿನವೇ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಳು, ಆಮೇಲೆ ಅಲ್ಲಿಂದ ಕದಲಲಿಲ್ಲ. ನನ್ನ ಮೊದಲ ಪಾಳಿಗೆ ಬೆಳಕು ಹರಿಯುವ ಮುಂಚೆ ಡಬ್ಬಿ ಕಟ್ಟಿದ್ದು ಅವಳು, ಶೈಲಳ ಜಡೆ ಹಾಕಿದ್ದು ಅವಳು, ವನಜಳಿಗೆ ಮೊಣಕಾಲು ನೋವು ಶುರುವಾದ ಮೇಲೆ ನೀರು ಹಿಡಿದಿದ್ದೂ ಅವಳೇ. ಮೊದಲ ಸಲ ಎಲ್.ಟಿ.ಸಿ.ಗೆ ಹೊರಟಾಗ ಅವಳನ್ನೂ ಸೇರಿಸಲು ಆಗುತ್ತದೆಯೇ ಎಂದು ಆಫೀಸಿನಲ್ಲಿ ಕೇಳಿದ್ದೆ. ಅಲ್ಲಿದ್ದ ಗುಮಾಸ್ತ ಕನ್ನಡಕ ಮೇಲೇರಿಸಿ "ಹೆಂಡ್ತಿ, ಮಕ್ಕಳು, ತಂದೆ, ತಾಯಿ. ರೂಲಲ್ಲಿ ಅಕ್ಕ ಇಲ್ಲ ಸಾರ್" ಎಂದಿದ್ದ.

ಬಂದು ಅಕ್ಕನಿಗೆ ಹೇಳಿದರೆ ಅವಳು ಒಂದು ಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ದಿದ್ರೆ ಬಿಡೋ. ಎಲ್ರೂ ಹೋದ್ರೆ ಮನೆ ಯಾರು ನೋಡ್ಕೋತಾರೆ? ನೀರು ಬಿಡೋದು ಬೇರೆ ದಿನ ಬಿಟ್ಟು ದಿನ" ಎಂದಳು.

ಪ್ರತಿ ಸಲವೂ ಗೇಟಿನ ಹತ್ತಿರ ನಿಂತು ಕೈ ಬೀಸುತ್ತಿದ್ದಳು. ಆಟೋದ ಹಿಂದಿನ ಕಿಂಡಿಯಿಂದ ನಾನು ನೋಡುತ್ತಿದ್ದೆ. ಒಂಟಿಯಾಗಿ, ಎತ್ತಿದ ಕೈ ಎತ್ತಿದ ಹಾಗೇ ನಿಂತಿರುತ್ತಿದ್ದಳು. ಜೋಲಾರಪೇಟೆ ದಾಟುವವರೆಗೂ ನಾನೂ ವನಜಳೂ "ಪಾಪ ಅಕ್ಕ, ಪಾಪ ಅಕ್ಕ" ಎಂದು ಹೇಳಿಕೊಳ್ಳುತ್ತಿದ್ದೆವು. ಆಮೇಲೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ತಿನ್ನುತ್ತಿದ್ದೆವು.

ನಾನು ರಿಟೈರಾದ ವರ್ಷ ಊಟ ಮಾಡುತ್ತಾ ಒಂದು ಘೋಷಣೆ ಮಾಡಿದೆ. "ಇನ್ನು ಎಲ್.ಟಿ.ಸಿ. ಇಲ್ಲ, ಚಳೀಲಿ ಅಲೆಯೋದೂ ಇಲ್ಲ. ಡಿಸೆಂಬರಲ್ಲಿ ಮನೇಲೇ ಬೆಚ್ಚಗಿರೋಣ." ಅತ್ತೆ ತೀರಿಕೊಂಡ ಮೇಲೆ ಚಿಂತಾಮಣಿಗೆ ಹೋಗುವುದೂ ನಿಂತಿತ್ತು. ವನಜಳಿಗೆ ಬಹಳ ಸಂತೋಷವಾಯಿತು. ಮುದ್ದೆ ಕಟ್ಟುತ್ತಿದ್ದ ಅಕ್ಕನ ಕೈ ನಿಂತಿತು.

ಅಂದಿನಿಂದ ಅಕ್ಕ ಮೌನವಾದಳು. ಸಾರಿಗೆ ಉಪ್ಪು ಹೆಚ್ಚುಕಡಿಮೆ ಆಗತೊಡಗಿತು. ಇದಕ್ಕೆ ನಾನು ದಿನವಿಡೀ ಮನೆಯಲ್ಲಿರುವುದೂ ಒಂದು ಕಾರಣ ಎಂದು ಅಂದುಕೊಂಡೆ. ಫೋರ್‌ಮನ್ ಆಗಿದ್ದವನು ಸುಮ್ಮನೆ ಕೂತಾನೆಯೇ? ಹಾಲಿನವನು ಎಷ್ಟು ಹೊತ್ತಿಗೆ ಬಂದ, ಕುಕ್ಕರ್ ಯಾಕೆ ಇನ್ನೂ ಕೂಗಲಿಲ್ಲ, ತೊಗರಿಬೇಳೆ ಡಬ್ಬಿಯನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟರೆ ಕೈಗೆ ಸಿಗುವುದು ಹೇಗೆ, ಎಲ್ಲದಕ್ಕೂ ನನ್ನಲ್ಲಿ ಸಲಹೆಗಳಿದ್ದವು. ನಾನು ನಡುಮನೆಯಲ್ಲಿ ಕಾಲು ಚಾಚಿ ಪೇಪರ್ ಹರಡಿಕೊಂಡು ಕೂತರೆ ಅಕ್ಕನನ್ನು ನೋಡಲು ಬಂದ ಹೆಂಗಸರು ಗೇಟಿನಿಂದಲೇ ತಿರುಗಿ ಹೋಗುತ್ತಿದ್ದರು.

ವನಜ ಒಂದು ದಿನ ಹೇಳಿದಳು: "ನಂಗನ್ಸುತ್ತೆ, ಅವರಿಗೂ ಒಂದ್ಸಲ ಊರು ನೋಡ್ಬೇಕು ಅಂತ ಮನಸ್ಸಲ್ಲಿ ಇತ್ತು. ಇನ್ನು ಯಾರೂ ಹೋಗೋದೇ ಇಲ್ಲ ಅಂದ್ಬಿಟ್ರಲ್ಲ ನೀವು, ಅದಕ್ಕೇ ಹೀಗಿದ್ದಾರೆ. ಈಗ ನಿಮ್ಮ ಹಾಳು ರೂಲೂ ಇಲ್ಲ. ಕರ್ಕೊಂಡು ಹೋಗೋಣ."

ನಾನು ಕೂಡಲೇ ಒಪ್ಪಿದೆ. ಅಕ್ಕನ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಮುಕ್ಕಾಲು ನಿಜ. ಮಿಕ್ಕ ಕಾಲು ಏನೆಂದರೆ, ನವೆಂಬರ್ ಮುಗಿಯುತ್ತಾ ಬಂದಂತೆ ನನಗೆ ವಿನಾಕಾರಣ ಎದೆ ಡವಡವ ಎನ್ನುತ್ತಿತ್ತು. ಲ್ಯಾಪ್ಸ್ ಆಗಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಆದರೂ ಏನೋ ಲ್ಯಾಪ್ಸ್ ಆಗಿಬಿಡುತ್ತದೆ ಎಂಬ ಭಯ.

"ಅಕ್ಕ, ಈ ಸಲ ನೀನೂ ಬರ್ತಿದ್ದೀಯ. ಕಾಶಿಗೆ!" ಎಂದೆ.

"ನಾನ್ಯಾಕೋ?"

"ನಾವು ಮಾತ್ರ ಎಷ್ಟು ಸಲ ಹೋಗೋದು? ನೀನೂ ನೋಡು."

"ಮನೆ?"

"ಬೀಗ ಹಾಕೋಣ."

"ಬೀಗಾನಾ?" ಎಂದಳು ಅಕ್ಕ. ಮನೆಗೆ ಬೆಂಕಿ ಇಡೋಣ ಎಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಸ್ವಲ್ಪ ಹೊತ್ತು ಕೈಯಲ್ಲಿದ್ದ ಸೊಪ್ಪನ್ನು ನೋಡುತ್ತಾ ಕೂತು, "ಆಗ್ಲಿ ಬಿಡು" ಎಂದು ಒಳಗೆ ಹೋದಳು. ಸಂತೋಷ ಜಾಸ್ತಿಯಾದಾಗ ಮಾತು ಹೊರಡುವುದಿಲ್ಲ ಎಂದು ನಾನೂ ವನಜಳೂ ಮಾತಾಡಿಕೊಂಡೆವು.

ಎರಡು ದಿನ ಕಳೆದ ಮೇಲೆ, ಅಕ್ಕ ಹಲಸೂರು ಮಾರ್ಕೆಟ್ಟಿಗೆ ಹೋಗಿದ್ದ ಹೊತ್ತು ನೋಡಿಕೊಂಡು ಇಬ್ಬರು ಹೆಂಗಸರು ಬಂದರು. ಒಬ್ಬಳು ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುವ ಖುರ್ಷಿದ್. ಇನ್ನೊಬ್ಬಳು ಮೂಲೆಮನೆಯ ಸ್ಟೆಲ್ಲಮ್ಮ, ಯಾವುದೋ ಶಾಲೆಯಲ್ಲಿ ಆಯಾ ಆಗಿದ್ದವಳು. ಈ ಸಲ ಗೇಟಿನಿಂದ ತಿರುಗಿ ಹೋಗದೆ ಸೀದಾ ಒಳಗೆ ಬಂದು ನನ್ನ ಪೇಪರಿನ ಮುಂದೆ ನಿಂತರು.

"ಭಾಯ್‌ಸಾಬ್, ಜಯಕ್ಕನ್ನ ಕಾಶಿಗೆ ಕರ್ಕೊಂಡ್ ಹೋಗ್ತೀರಂತೆ, ಹೌದಾ?" ಎಂದಳು ಖುರ್ಷಿದ್.

"ಹೌದಮ್ಮ. ಪಾಪ, ಇಷ್ಟು ವರ್ಷ ಒಬ್ಳೇ ಮನೇಲಿ..."

"ಪಾಪ? ಕಾಯ್ಕಾ ಪಾಪ?" ಎಂದಳು ಖುರ್ಷಿದ್.

ಸ್ಟೆಲ್ಲಮ್ಮ ಮುಂದೆ ಬಂದಳು. "ಏನ್ ಸಾರ್ ನೀವು, ವರ್ಷಕ್ಕೊಂದ್ ದಪ ನಮ್ ಜಯಕ್ಕ ನಮ್ಗೆ ಸಿಗೋದು. ಅದ್ನೂ ಕಿತ್ಕೊಂಡ್ರೆ ಎಪ್ಪಡಿ ಸಾರ್? ಕ್ರಿಸ್‌ಮಸ್ ಪಲಾರ ಎಲ್ಲ ನಿಮ್ ಅಡಿಗೆಮನೇಲೇ ಅಲ್ವಾ ನಾವು ಮಾಡೋದು? ನಮ್ದು ಚಿಕ್ಕದು."

ನಮ್ಮ ಅಡಿಗೆಮನೆಯಲ್ಲೇ! ನಾನು ಪೇಪರ್ ಮಡಿಸಿಟ್ಟೆ. ಆಮೇಲೆ ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಹೇಳಿದ್ದನ್ನು ಕೇಳುತ್ತಾ ನಾನು ಬೆಪ್ಪಾಗಿ ಕೂತೆ. ಬೆಳಗಿನ ಜಾವ ಧನುರ್ಮಾಸದ ಪೂಜೆಗೆ ಅಕ್ಕ ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗಿ ಹುಗ್ಗಿ ತರುತ್ತಾಳೆ. ಅದನ್ನು ಮೂವರೂ ಹಂಚಿಕೊಂಡು ತಿನ್ನುತ್ತಾರೆ. ಆಮೇಲೆ ನಮ್ಮ ಮನೆಯ ಟೆರೇಸಿನ ಮೇಲೆ ಚಾಪೆ ಹಾಸಿ, ಬಿಸಿಲಿಗೆ ಬೆನ್ನು ಕೊಟ್ಟು ಸಂಜೆಯವರೆಗೂ ಚೌಕಾಬಾರ. ಅಕ್ಕ ಕವಡೆ ಎಸೆಯುವುದರಲ್ಲಿ ಮೋಸ ಮಾಡುತ್ತಾಳೆ. ಒಂದು ದಿನ ಮಾರ್ನಿಂಗ್ ಶೋ ಸಿನಿಮಾ. ಒಂದು ದಿನ ಶಿವಾಜಿನಗರದ ಚರ್ಚಿನಲ್ಲಿ ಮೇರಿಯಮ್ಮನಿಗೆ ಮೇಣದ ಬತ್ತಿ ಹಚ್ಚಿ, ಅಲ್ಲಿಂದ ರಸೆಲ್ ಮಾರ್ಕೆಟ್ಟಿನ ಸಂದಿಗಳಲ್ಲಿ ಏನೂ ಕೊಳ್ಳದೆ ಎಲ್ಲದಕ್ಕೂ ಚೌಕಾಸಿ. ಎರಡು ವಾರ ಮನೆಯಲ್ಲಿ ಅಡಿಗೆ ಎಂಬುದೇ ಇಲ್ಲ. ಹಸಿವಾದಾಗ ಯಾರ ಮನೆಯಲ್ಲಿ ಏನಿದೆಯೋ ಅದು.

"ನೀವು ಆಟೋ ಹತ್ತೋದೇ ಕಾಯ್ತಾ ಇರ್ತೀವಿ ಭಾಯ್‌ಸಾಬ್" ಎಂದಳು ಖುರ್ಷಿದ್. "ಸಂದಿಲಿ ನಿಂತಿರ್ತೀವಿ. ಜಯಕ್ಕ ಕೈ ಎತ್ಕೊಂಡೇ ನಿಂತಿರ್ತಾಳಲ್ಲ? ಆಟೋ ತಿರುಗ್ತು ಅಂದ್ರೆ ಕೈ ಇಳಿಸ್ತಾಳೆ. ಆಗ ನಾವು ಬರೋದು."

ನನಗೆ ಮೊದಲು ಬಂದದ್ದು ಸಿಟ್ಟು. ಜೋಲಾರಪೇಟೆವರೆಗೆ ಪ್ರತಿ ಸಲ ನಾವು ಪಟ್ಟ ವ್ಯಥೆಯೆಲ್ಲ ನೀರಿನಲ್ಲಿ ಹೋಮವಾಯಿತಲ್ಲ! ಅವರು ಹೋದ ಮೇಲೆ ವನಜಳಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡಳು.

"ಅಯ್ಯೋ, ನೀವು ರಿಟೈರಾಗಿ ಅವರ ರಜಾನ ತಿಂದ್ಬಿಟ್ರಲ್ರೀ" ಎಂದಳು.

ವಿಷಯ ಇದ್ದದ್ದು ಇಷ್ಟೇ. ಅಕ್ಕನ ಇಡೀ ಬದುಕಿನಲ್ಲಿ ಅವಳದೇ ಎಂದು ಇದ್ದದ್ದು ಡಿಸೆಂಬರಿನ ಆ ಎರಡು ವಾರ. ಉಳಿದ ದಿನಗಳೆಲ್ಲ ನನ್ನ ಡಬ್ಬಿಗೆ, ಶೈಲಳ ಜಡೆಗೆ, ವನಜಳ ಮೊಣಕಾಲಿಗೆ ಸಂದವು. ನಾನು ಮನೆಯಲ್ಲಿ ಬೆಚ್ಚಗೆ ಕೂತರೆ ಆ ಎರಡು ವಾರವೂ ಹೋಗುತ್ತದೆ. ಅಕ್ಕನನ್ನು ಕಾಶಿಗೆ ಕರೆದೊಯ್ದರೂ ಹೋಗುತ್ತದೆ. ಅವಳಾಗಿ ಬಾಯಿಬಿಟ್ಟು ಕೇಳುವವಳಲ್ಲ. ನಮ್ಮ ಉಪಕಾರಕ್ಕೆ ಬೇಜಾರಾಗಬಾರದೆಂದು ಕಾಶಿಗೂ ಬಂದು, ಚಳಿಯಲ್ಲಿ ಮುಳುಗಿ ಎದ್ದು, "ಚೆನ್ನಾಗಿತ್ತು ಕಣೋ" ಎನ್ನುವವಳು.

"ಅಕ್ಕನಿಗೆ ನೇರವಾಗಿ ಹೇಳಿಬಿಡ್ತೀನಿ. ನಿನ್ನ ಪಾಡಿಗೆ ನೀನು ಆರಾಮಾಗಿರು, ನಮ್ಗೆ ಎಲ್ಲಾ ಗೊತ್ತಾಯ್ತು ಅಂತ" ಎಂದೆ.

"ಗೊತ್ತಾಯ್ತು ಅಂತ ಗೊತ್ತಾದ್ರೆ ಅವರಿಗೆ ಅದರಲ್ಲಿ ಏನ್ರೀ ರುಚಿ ಇರುತ್ತೆ?" ಎಂದಳು ವನಜ. ನನ್ನ ಹೆಂಡತಿ ಹೆಚ್ಚು ಮಾತಾಡುವವಳಲ್ಲ, ಆದರೆ ಆಡಿದಾಗ ನಾನು ಬಾಯಿ ಮುಚ್ಚಬೇಕಾಗುತ್ತದೆ.

ಅಂದು ಸಂಜೆ ಕಾಫಿ ಕುಡಿಯುತ್ತಾ ನಾನು ಅಕ್ಕನಿಗೆ ಸುಳ್ಳು ಹೇಳಿದೆ. "ಅಕ್ಕ, ಕಾರ್ಖಾನೆಯಿಂದ ಸುದ್ದಿ ಬಂತು. ರಿಟೈರ್ ಆದೋರಿಗೂ ಎಲ್.ಟಿ.ಸಿ. ಕೊಡ್ತಾರಂತೆ. ಆದ್ರೆ ರೂಲ್ ಮಾತ್ರ ಹಳೇದೇ."

"ಅದರಲ್ಲಿ ಅಕ್ಕ ಇಲ್ವಾ?"

"ಇಲ್ಲ."

"ಛೆ, ಛೆ, ಛೆ" ಎಂದಳು ಅಕ್ಕ. "ಹೋಗ್ಲಿ ಬಿಡು, ನೀವಾದ್ರೂ ಹೋಗ್ಬನ್ನಿ. ಸುಮ್ನೆ ಲ್ಯಾಪ್ಸ್ ಮಾಡ್ಬಾರ್ದು." ಅರ್ಧ ಗಂಟೆಯಲ್ಲಿ ಅಡಿಗೆಮನೆಯಿಂದ ನಿಪ್ಪಟ್ಟು ಕರಿಯುವ ವಾಸನೆ ಬಂತು. ಜೊತೆಗೆ ಯಾವುದೋ ಹಳೆಯ ಹಾಡಿನ ಗುನುಗು. ಅಂದಿನ ಸಾರಿಗೆ ಉಪ್ಪು ಸರಿಯಾಗಿತ್ತು.

ಸುಳ್ಳು ಹೇಳುವುದು ಸುಲಭ, ಡಿಸೆಂಬರಿನಲ್ಲಿ ರೈಲಿನ ಸೀಟು ಸಿಗುವುದು ಕಷ್ಟ. ಕಂಟೋನ್ಮೆಂಟ್ ಸ್ಟೇಷನ್ನಿನ ಕ್ಯೂನಲ್ಲಿ ನಿಂತು ಬಂದದ್ದಷ್ಟೇ ಲಾಭ, ಕಾಶಿಯ ಕಡೆಗೆ ಹೋಗುವ ರೈಲುಗಳೆಲ್ಲ ಭರ್ತಿ. ವನಜ ಇದನ್ನು ಕೇಳಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. "ನನ್ನ ಮೊಣಕಾಲಿಗೆ ಕಾಶಿ ಬೇಡ. ಸುಮ್ನೆ ಶೈಲನ ಮನೆಗೆ ಹೋಗಿ ಇದ್ಬಿಡೋಣ" ಎಂದಳು. ಶೈಲಳ ಮನೆ ಇದ್ದದ್ದು ಸಿ.ವಿ. ರಾಮನ್ ನಗರದಲ್ಲಿ. ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋದರೆ ಕಂಡಕ್ಟರ್ ಚಿಲ್ಲರೆ ಕೊಡುವಷ್ಟರಲ್ಲಿ ಇಳಿಯಬೇಕು, ಅಷ್ಟು ದೂರ.

ಹೊರಡುವ ದಿನ ಬಂತು. ಹೋಲ್ಡಾಲ್ ಮೇಲೆ ನಾನು ಕೂತೆ, ವನಜ ಎಳೆದಳು, ಅಕ್ಕ "ಇನ್ನೂ ಸ್ವಲ್ಪ" ಎಂದಳು. ಮಂಕಿ ಕ್ಯಾಪ್ ಹಾಕಿಕೊಂಡು ಆಟೋ ಹತ್ತಿದೆವು. ಅಕ್ಕ ಗೇಟಿನಲ್ಲಿ ನಿಂತು ಕೈ ಎತ್ತಿದಳು. ಈ ಸಲ ನಾನು ಹಿಂದೆ ನೋಡಲಿಲ್ಲ. ಆದರೆ ಆಟೋದ ಕನ್ನಡಿಯಲ್ಲಿ, ಸಂದಿಯ ತುದಿಯಿಂದ ದೊಡ್ಡದೊಂದು ಪಾತ್ರೆ ಹೊತ್ತ ಸ್ಟೆಲ್ಲಮ್ಮನ ಅರ್ಧ ಭಾಗ ಆಗಲೇ ಕಾಣುತ್ತಿತ್ತು.

ಹಲಸೂರು ಕೆರೆಯ ತಿರುವಿನಲ್ಲಿ ನಾನು ಡ್ರೈವರಿಗೆ "ಸಿ.ವಿ. ರಾಮನ್ ನಗರಕ್ಕೆ ತಿರುಗಿಸಪ್ಪ" ಎಂದೆ.

"ಸ್ಟೇಷನ್ ಅಂದ್ರಲ್ಲ ಸಾರ್?"

"ಅದು ಮನೆ ಮುಂದೆ ಅಂದಿದ್ದು."

ಡ್ರೈವರ್ ಕನ್ನಡಿಯಲ್ಲಿ ನಮ್ಮಿಬ್ಬರ ಮುಖ ನೋಡಿ, ಈ ವಯಸ್ಸಿನಲ್ಲಿ ಇವರು ಮನೆ ಬಿಟ್ಟು ಓಡಿಹೋಗುತ್ತಿದ್ದಾರೆಂದು ತಿಳಿದನೋ ಏನೋ, ಗಾಡಿ ತಿರುಗಿಸಿದ.

ಶೈಲ ಬಾಗಿಲು ತೆಗೆದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಲ್ಲಪ್ಪ, ಬನ್ನಿ, ಇರಿ, ಬೇಡ ಅಂದೋರ್ಯಾರು? ಹೋಲ್ಡಾಲ್ ಯಾಕೆ ತಂದ್ರಿ? ನಮ್ಮನೇಲಿ ಹಾಸಿಗೆ ಇಲ್ವಾ?"

"ಅದಿಲ್ದೆ ಹೊರಟ್ರೆ ನಿಮ್ಮ ಜಯತ್ತೆ ನಂಬ್ತಾಳೇನೇ?"

ಒಂದು ದಿನ ಸುಮ್ಮನಿದ್ದೆ. ಎರಡನೆಯ ದಿನ ಮಗಳ ಮನೆಯ ಕುಕ್ಕರಿಗೂ ಸಲಹೆ ಕೊಡಲು ಹೊರಟೆ. "ಅಮ್ಮ, ಇವರನ್ನ ಹೊರಗೆ ಕರ್ಕೊಂಡು ಹೋಗು" ಎಂದಳು ಶೈಲ. ಅಂದಿನಿಂದ ನಾನೂ ವನಜಳೂ ದಿನಾ ಬೆಳಿಗ್ಗೆ ತಿಂಡಿ ತಿಂದು, ಕೈಯಲ್ಲಿ ಒಂದು ನೀರಿನ ಬಾಟಲಿ ಹಿಡಿದು ಪ್ರವಾಸ ಹೊರಟೆವು. ಇಂದಿರಾನಗರದ ದರ್ಶಿನಿಯಲ್ಲಿ ನಿಂತುಕೊಂಡು ದೋಸೆ ತಿಂದೆವು. ವೈಟ್‌ಫೀಲ್ಡ್ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು ಬಂದೆವು. ಕೃಷ್ಣರಾಜಪುರದಲ್ಲಿ ರೈಲು ಹಳಿಯ ಮೇಲೆ ತೂಗುಸೇತುವೆ ಕಟ್ಟುತ್ತಿದ್ದರು. ಅದನ್ನು ನೋಡುತ್ತಾ ನಿಂತು ಕಡಲೇಕಾಯಿ ತಿಂದೆವು. ಬೆನ್ನಿಗೆ ಹಿತವಾದ ಬಿಸಿಲು ಬೀಳುತ್ತಿತ್ತು. "ನೀವು ಕರ್ಕೊಂಡು ಹೋದ ಟೂರಲ್ಲೆಲ್ಲ ಇದೇ ಚೆನ್ನಾಗಿದೆ ಕಣ್ರೀ. ನೋಡಕ್ಕೆ ಹೋಗಿದ್ದು ಕಾಣಿಸ್ತಿದೆ" ಎಂದಳು ವನಜ. ನನಗೂ ಹಾಗೇ ಅನಿಸಿತ್ತು, ಹೇಳಲು ಹೋಗಲಿಲ್ಲ.

ಕಾಶಿ ತಲುಪಿದ ಬಗ್ಗೆ ಅಕ್ಕನಿಗೆ ಫೋನ್ ಮಾಡಬೇಕಲ್ಲ? ಅಲ್ಲೇ ಬಸ್ ಸ್ಟಾಪಿನ ಪಕ್ಕದ ಎಸ್.ಟಿ.ಡಿ. ಬೂತಿಗೆ ನುಗ್ಗಿದೆ. ಬಾಗಿಲಿನ ಗಾಜು ಒಡೆದುಹೋಗಿದ್ದದ್ದನ್ನು ಗಮನಿಸಲಿಲ್ಲ.

"ಅಕ್ಕ, ಕಾಶಿಯಿಂದ ಮಾತಾಡ್ತಿದ್ದೀನಿ."

"ಹೂಂ ಹೇಳೋ. ಚಳೀನಾ?"

"ವಿಪರೀತ ಚಳಿ ಅಕ್ಕ. ಕೈ ಮರಗಟ್ಟಿಹೋಗಿದೆ" ಎಂದೆ, ಹಣೆಯ ಬೆವರು ಒರೆಸಿಕೊಳ್ಳುತ್ತಾ.

ಆಗಲೇ ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರ್ ಫುಟ್‌ಬೋರ್ಡಿನಿಂದ ಹೊರಗೆ ಬಾಗಿ, ನನ್ನ ಕಿವಿಯ ಪಕ್ಕದಲ್ಲೇ "ಟಿನ್ ಫ್ಯಾಕ್ಟ್ರಿ, ಹಲ್ಸೂರು, ಶಿವಾಜಿನಗರ್! ಬೇಗ ಹತ್ರೀ, ಟಿನ್ ಫ್ಯಾಕ್ಟ್ರಿ, ಟಿನ್ ಫ್ಯಾಕ್ಟ್ರಿ!" ಎಂದು ಕೂಗಿದ.

ಫೋನಿನ ಆ ಕಡೆ ಎಣ್ಣೆಯಲ್ಲಿ ಏನೋ ಚುಂಯ್ ಎನ್ನುವುದು ಕೇಳುತ್ತಿತ್ತು.

"ಕಾಶೀಲಿ ನಮ್ಮ ಕಡೆಯೋರು ತುಂಬಾ ಇದ್ದಾರೆ ಅನ್ಸುತ್ತೆ" ಎಂದಳು ಅಕ್ಕ.

"ಹೌ... ಹೌದಕ್ಕ. ಎಲ್ಲಿ ಹೋದ್ರೂ ನಮ್ಮೋರೇ."

"ಸರಿ, ಹುಷಾರು ಕಣೋ. ರಸ್ತೆ ದಾಟೋವಾಗ ವನಜನ ಕೈ ಹಿಡ್ಕೊಂಡು ದಾಟು. ಅಲ್ಲಿ ಲಾರಿ ಜಾಸ್ತಿ" ಎಂದು ಫೋನ್ ಇಟ್ಟಳು.

ಕಾಶಿಯಲ್ಲಿ ಲಾರಿ ಜಾಸ್ತಿ ಎಂದು ಅವಳಿಗೆ ಯಾರು ಹೇಳಿದರು ಎಂದು ನಾನು ವನಜಳನ್ನು ಕೇಳಿದೆ. ವನಜ ಹಳೇ ಮದ್ರಾಸ್ ರಸ್ತೆಯ ಕಡೆ ನೋಡಿದಳು. ಲಾರಿಗಳು ಹೋಗುತ್ತಲೇ ಇದ್ದವು.

ಆ ವರ್ಷ ರಂಜಾನ್ ತಿಂಗಳೂ ಡಿಸೆಂಬರಿನಲ್ಲೇ ಬಂದಿತ್ತು. ನಮ್ಮ ಪ್ರವಾಸ ಮುಗಿಯುತ್ತಾ ಬಂದಾಗ ಅಳಿಯ "ಮಾವ, ಮಾಸ್ಕ್ ರೋಡಿಗೆ ಹೋಗ್ಬನ್ನಿ, ಸಂಜೆ ಹೊತ್ತು ಚೆನ್ನಾಗಿರುತ್ತೆ" ಎಂದ. ಹೋದೆವು. ಆ ಮಸೀದಿ ರಸ್ತೆ ಇರುವ ಪುಲಿಕೇಶಿನಗರ ನಮಗೇನೂ ಹೊಸದಲ್ಲ. ಆದರೂ ಆ ಸಂಜೆ ಗುರುತೇ ಸಿಗದ ಹಾಗಿತ್ತು. ಕೆಲವು ಮನೆಗಳ ಮುಂದೆ ಕ್ರಿಸ್‌ಮಸ್ ನಕ್ಷತ್ರ ತೂಗುತ್ತಿದ್ದವು, ಉಪವಾಸ ಬಿಟ್ಟ ಜನ ಬೀದಿಗಿಳಿದಿದ್ದರು, ಇದ್ದಿಲ ಹೊಗೆಯಲ್ಲಿ ಕಬಾಬಿನ ಕಡ್ಡಿಗಳು ತಿರುಗುತ್ತಿದ್ದವು. ನಾನು ಸಮೋಸದ ಅಂಗಡಿಯ ಕಡೆ ಹೆಜ್ಜೆ ಹಾಕುತ್ತಿದ್ದಾಗ ವನಜ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

ಎದುರು ಬದಿಯಲ್ಲಿ, ಒಂದು ಕಬಾಬ್ ಗಾಡಿಯ ಪಕ್ಕದ ಬೆಂಚಿನ ಮೇಲೆ ಮೂವರು ಹೆಂಗಸರು ಕೂತಿದ್ದರು. ಬುರ್ಖಾದ ಮುಸುಕು ಹಿಂದೆ ಸರಿಸಿಕೊಂಡ ಖುರ್ಷಿದ್. ತಲೆಗೆ ಸ್ಕಾರ್ಫ್ ಕಟ್ಟಿದ ಸ್ಟೆಲ್ಲಮ್ಮ. ನಡುವೆ, ಸೀರೆಯ ಮೇಲೆ ನನ್ನ ಹಳೆಯ ಕಾರ್ಖಾನೆ ಸ್ವೆಟರ್ ತೊಟ್ಟು, ಕೈಯಲ್ಲಿ ಎಲೆಯ ದೊನ್ನೆ ಹಿಡಿದು ಕಬಾಬ್ ತಿನ್ನುತ್ತಿದ್ದ ಅಕ್ಕ.

ಗಂಡ ತೀರಿಕೊಂಡ ಮೇಲೆ ಅಕ್ಕ ಮಾಂಸ ಬಿಟ್ಟಿದ್ದಳು. ಬಿಡು ಎಂದು ನಾವ್ಯಾರೂ ಹೇಳಿರಲಿಲ್ಲ. ತಿನ್ನು ಎಂದೂ ಯಾರೂ ಹೇಳಲಿಲ್ಲ. ನಮಗೆಲ್ಲ ಭಾನುವಾರ ಕೋಳಿ ಸಾರು ಮಾಡಿ ಬಡಿಸಿ, ತಾನು ಮೊಸರನ್ನ ಕಲಸಿಕೊಳ್ಳುತ್ತಿದ್ದಳು. ಖುರ್ಷಿದ್ ಏನೋ ಹೇಳಿದಳು. ಅಕ್ಕ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು ನಗುವ ನಮ್ಮ ಮನೆಯ ನಗುವಲ್ಲ. ತಲೆ ಹಿಂದಕ್ಕೆ ಹಾಕಿ, ಬಾಯಿ ತುಂಬ ಇದ್ದ ತುತ್ತನ್ನೂ ಲೆಕ್ಕಿಸದೆ, ರಸ್ತೆಯ ಈ ಬದಿಗೂ ಕೇಳುವ ಹಾಗೆ ನಕ್ಕಳು. ಚಿಕ್ಕಂದಿನಲ್ಲಿ ಊರಿನ ಕೆರೆ ಏರಿಯ ಮೇಲೆ ಓಡುವಾಗ ನನ್ನ ಅಕ್ಕ ಹಾಗೆ ನಗುತ್ತಿದ್ದಳು. ಆಮೇಲೆ ಅದನ್ನು ನಾನು ಕೇಳಿರಲಿಲ್ಲ. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಮುಚ್ಚಿಡುವುದೇಕೆ? ನಮ್ಮ ಜೊತೆ ಇದ್ದು ಒಮ್ಮೆಯೂ ಅವಳು ಹೀಗೆ ನಕ್ಕಿರಲಿಲ್ಲ.

"ನೋಡ್ಬೇಡಿ ಬನ್ನಿ, ಬನ್ನಿ" ಎಂದು ವನಜ ಎಳೆದಳು. ಅಷ್ಟರಲ್ಲಿ ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಮುಖ ತಿರುಗಿಸಿದಳು. ನೇರವಾಗಿ ನಮ್ಮನ್ನು ನೋಡಿದಳು. ನಡುವೆ ಒಂದು ಆಟೋ ಹಾದುಹೋಯಿತು. ಅದು ಹೋದ ಮೇಲೂ ಅವಳು ನೋಡುತ್ತಲೇ ಇದ್ದಳು. ಇನ್ನು ಎಲ್ಲ ಮುಗಿಯಿತು, ಅವಳು ದೊನ್ನೆ ಬಿಸಾಡಿ, ಬಾಯಿ ಒರೆಸಿಕೊಂಡು, ಎದ್ದು ಬಂದು ಮತ್ತೆ ನಮ್ಮ ಮನೆಯ ಅಕ್ಕನಾಗಿಬಿಡುತ್ತಾಳೆ ಎಂದುಕೊಂಡೆ. ಅಕ್ಕ ಏಳಲಿಲ್ಲ. ಕಾಶಿಯಲ್ಲಿರುವ ಜನರು ಮಾಸ್ಕ್ ರೋಡಿನಲ್ಲಿ ಕಾಣಿಸುವುದು ಹೇಗೆ ಸಾಧ್ಯ ಎಂಬಂತೆ ನಿಧಾನವಾಗಿ ದೃಷ್ಟಿ ಸರಿಸಿ, ಸ್ಟೆಲ್ಲಮ್ಮನ ದೊನ್ನೆಯಿಂದ ಒಂದು ತುಂಡು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಳು.

ನಾವು ಸಮೋಸ ತಿನ್ನದೆ ವಾಪಸ್ಸು ಬಂದೆವು.

ಮನೆಗೆ ಮರಳಿದ್ದು ಹೇಳಿದ್ದಕ್ಕಿಂತ ಎರಡು ದಿನ ತಡವಾಗಿ. ರೈಲು ತಡವಾಯಿತು ಎಂದೆ. ಹಲಸೂರಿನ ಗುಡಿ ಬೀದಿಯಲ್ಲಿ ಕೊಂಡ ಗಂಗಾಜಲದ ತಂಬಿಗೆಯನ್ನು ವನಜ ಮುಖ ಕೆಳಗೆ ಹಾಕಿಕೊಂಡು ಅಕ್ಕನ ಕೈಗಿತ್ತಳು. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟು ಬಂದಳು. ಮನೆ ಥಳಥಳ ಎನ್ನುತ್ತಿತ್ತು. ಕರಿದ ಎಣ್ಣೆಯ ವಾಸನೆ ಮಾತ್ರ ಪರದೆಗಳಲ್ಲಿ ಉಳಿದಿತ್ತು.

ಅಕ್ಕ ನಮ್ಮ ಎದುರಿಗೆ ನೆಲದ ಮೇಲೆ ಕೂತು ಎಂದಿನಂತೆ ಎಲ್ಲ ಕೇಳಿದಳು. ನದಿಯಲ್ಲಿ ನೀರು ಎಷ್ಟಿತ್ತು, ಅಲ್ಲಿಯ ಹೆಂಗಸರು ಸೆರಗು ಯಾವ ಕಡೆ ಹೊದೆಯುತ್ತಾರೆ, ಅನ್ನ ಸಿಗುತ್ತದೋ ಬರೀ ರೊಟ್ಟಿಯೋ. ನಾನು ಹೇಳುತ್ತಾ ಹೋದೆ. ಮಂಜಿನಲ್ಲಿ ಕಾಣದ ದೋಣಿ, ಘಾಟಿನ ಮೆಟ್ಟಿಲು, ಎಲ್ಲಿಂದಲೋ ಕೇಳುವ ಗಂಟೆ. ಅಕ್ಕ ಗಲ್ಲದ ಮೇಲೆ ಕೈಯಿಟ್ಟು, ಒಂದು ಮಾತೂ ತಪ್ಪಿಹೋಗಬಾರದು ಎಂಬ ಹಾಗೆ ಕೇಳಿದಳು. ಹೇಳುತ್ತಾ ಹೇಳುತ್ತಾ ನನ್ನ ಮಾತು ಮುಗಿಯಿತು.

"ಒಂದ್ ಮಾತು ಕೇಳ್ಲಾ?" ಎಂದಳು ಅಕ್ಕ.

"ಕೇಳಕ್ಕ."

ಅಕ್ಕ ನನ್ನ ಮುಖ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಚಿಕ್ಕ ಹುಡುಗಿಯ ಹಾಗೆ ಕೇಳಿದಳು:

"ರಿಟೈರ್ ಆದೋರಿಗೆ ಇದನ್ನ ಒಂದೇ ಸಲ ಕೊಡೋದಾ, ಇಲ್ಲಾ ಪ್ರತಿ ವರ್ಷಾನಾ?"

ವನಜ ನನ್ನ ಕಡೆ ನೋಡಿದಳು.

"ಪ್ರತಿ ವರ್ಷ ಅಕ್ಕ" ಎಂದೆ. "ನಾವು ಇರೋವರ್ಗೂ ಕೊಡ್ತಾರೆ."

"ಹಂಗಾದ್ರೆ ಸರಿ" ಎಂದಳು ಅಕ್ಕ. ನೆಲಕ್ಕೆ ಕೈಯೂರಿ ಎದ್ದಳು, ಸೆರಗು ಸಿಕ್ಕಿಸಿದಳು. "ಕೈಕಾಲು ತೊಳ್ಕೊಂಡ್ ಬನ್ನಿ, ಊಟಕ್ಕೆ ಹಾಕ್ತೀನಿ."